ಬೆಳಿಗ್ಗೆ ಎಂಟಕ್ಕೆ ಗೋಳಿಬಜೆ

ನಾನು ಬರೆಯುವುದು ನಗಿಸುವ ಪತ್ತೇದಾರಿ ಕಾದಂಬರಿ. ಅದರಲ್ಲಿ ಯಾರೂ ಸಾಯುವುದಿಲ್ಲ. ಮುಂಬೈಯ ಸಯನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಸಾವನ್ನು ಸಂಬಳಕ್ಕಾಗಿ ಸಾಕಷ್ಟು ನೋಡಿದ್ದೇನೆ. ಈಗ ಮುಲುಂಡಿನ ಮನೆಯಲ್ಲಿ ಕೂತು ಅದನ್ನೇ ಪುಕ್ಕಟೆಯಾಗಿ ಬರೆಯಲು ನನಗೆ ಮನಸ್ಸಿಲ್ಲ. ನನ್ನ ಪುಸ್ತಕಗಳಲ್ಲಿ ವಸ್ತುಗಳು ಕಳೆದುಹೋಗುತ್ತವೆ. ಮದುಮಗನ ಚಪ್ಪಲಿ, ಸೊಸೈಟಿಯ ನೀರಿನ ಪಂಪು, ಒಮ್ಮೆ ಮೂರನೇ ಮಹಡಿಯಿಂದ ಒಂದು ಗೋದ್ರೇಜ್ ಕಪಾಟು. ಅವನ್ನು ಹುಡುಕುವವಳು ಸಯನ್ನಿನಲ್ಲಿ ಊಟದ ಡಬ್ಬಿ ಕಳಿಸುವ ಒಬ್ಬ ಹೆಂಗಸು. ವಾಪಸು ಬಂದ ಡಬ್ಬಿಯಲ್ಲಿ ಏನು ಉಳಿದಿದೆ ಎಂದು ನೋಡಿ ಆ ಮನೆಯ ಗುಟ್ಟು ಹೇಳಬಲ್ಲವಳು.

ಐದು ಗಂಟೆಗೆ ಏಳುತ್ತೇನೆ. ಐದೂವರೆಯಿಂದ ಏಳೂವರೆಯವರೆಗೆ ಬರೆಯುತ್ತೇನೆ. ಗೆರೆಯಿರುವ ಉದ್ದ ಪುಸ್ತಕದಲ್ಲಿ ದಿನಕ್ಕೆ ಎರಡು ಪುಟ. ಒಂದೂವರೆ ಪುಟವಾದ ದಿನ ಬೇಸರ ಪಡುವುದಿಲ್ಲ, ಎರಡೂವರೆ ಬರುವಂತಿದ್ದರೂ ಬರೆಯುವುದಿಲ್ಲ. ಅಲಾರಂ ಹೊಡೆದರೆ ವಾಕ್ಯದ ನಡುವೆಯೇ ಪೆನ್ನಿನ ಟೋಪಿ ಮುಚ್ಚುತ್ತೇನೆ. ಸ್ಫೂರ್ತಿ ಬಂದರೆ ಏನು ಮಾಡುತ್ತೀರಿ ಎಂದು ಒಬ್ಬರು ಕೇಳಿದ್ದರು. ಐದೂವರೆಗೆ ಬಂದರೆ ಚಹಾ ಕೊಡುತ್ತೇನೆ, ಎಂಟಕ್ಕೆ ಬಂದರೆ ವಿಸಿಟಿಂಗ್ ಅವರ್ ಮುಗಿದಿದೆ ಎನ್ನುತ್ತೇನೆ ಎಂದೆ.

ಪ್ರತಿ ಪಾತ್ರಕ್ಕೂ ಒಂದು ಚಾರ್ಟ್ ಇರುತ್ತದೆ, ವಾರ್ಡಿನಲ್ಲಿ ಮಂಚದ ಕಾಲಬುಡಕ್ಕೆ ತೂಗುಹಾಕುತ್ತಿದ್ದಂಥದ್ದೇ. ಮೇಲೆ ವಯಸ್ಸು, ಊರು, ಕಾಯಿಲೆ, ಇಷ್ಟದ ತಿಂಡಿ. ಕೆಳಗೆ ಜ್ವರದ ಗೆರೆ. ಆ ಪಾತ್ರದ ಮೇಲೆ ಓದುಗರ ಅನುಮಾನ ಯಾವ ಅಧ್ಯಾಯದಲ್ಲಿ ಎಷ್ಟು ಡಿಗ್ರಿ ಏರಿತು, ಎಷ್ಟು ಇಳಿಯಿತು ಎಂಬ ಲೆಕ್ಕ. ನೂರನಾಲ್ಕು ಮುಟ್ಟಿ ನರಳುವವನು ನನ್ನ ಪುಸ್ತಕದಲ್ಲಿ ಎಂದೂ ಕಳ್ಳನಲ್ಲ. ತೊಂಬತ್ತೊಂಬತ್ತರಲ್ಲಿ ಸುಮ್ಮನೆ ಮಲಗಿದವನ ಮೇಲೆ ಕಣ್ಣಿಡಬೇಕು.

ನನ್ನ ಗಂಡ ಇದನ್ನೆಲ್ಲ ಗೇಲಿ ಮಾಡುತ್ತಾರೆ. “ಮೇಟ್ರನ್, ನಿಮ್ಮ ಹೀರೋಗೆ ಇವತ್ತು ಮೋಷನ್ ಆಯ್ತಾ?” ಎಂದು ಪೇಪರಿನ ಹಿಂದಿನಿಂದ ಕೇಳುತ್ತಾರೆ. ಮದುವೆಯಾಗಿ ನಲವತ್ತು ವರ್ಷ ದಾಟಿದೆ, ಪೇಪರ್ ಮಾತ್ರ ಬದಲಾಗಿದೆ.

ಭಾನುವಾರ ಹತ್ತು ಗಂಟೆಗೆ ಆ ವಾರದ ಪುಟಗಳನ್ನು ಕೆಳಗಿನ ಮನೆಯ ಭಟ್ಟರಿಗೆ ಓದಿ ಹೇಳುತ್ತೇನೆ. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಅವರು ಜೀವಮಾನವೆಲ್ಲ ಅಡುಗೆ ಮಾಡಿದವರು. ಎಂಬತ್ತು ದಾಟಿದೆ, ಸಣ್ಣ ಅಕ್ಷರ ಕಾಣುವುದಿಲ್ಲ, ಕಿವಿ ಚುರುಕು. ನನ್ನ ಓದುಗರಲ್ಲಿ ಮುಕ್ಕಾಲು ಪಾಲು ಅವರಂಥ ಹೋಟೆಲಿನವರೇ. ಗಲ್ಲಾದಲ್ಲಿ ಕೂತು ಓದುವವರು, ಮಧ್ಯಾಹ್ನದ ಬಿಡುವಿನಲ್ಲಿ ಗೋಣಿಚೀಲಕ್ಕೆ ಒರಗಿ ಓದುವವರು. ಪೊಲೀಸರ ವಿಷಯದಲ್ಲಿ ನಾನು ತಪ್ಪಿದರೆ ಕ್ಷಮಿಸುತ್ತಾರೆ. ಅಡುಗೆಮನೆಯ ವಿಷಯದಲ್ಲಿ ತಪ್ಪಿದರೆ ಅಲ್ಲಿಗೆ ನನ್ನ ಪುಸ್ತಕ ಮಡಚಿಟ್ಟಂತೆಯೇ.

ಇತ್ತೀಚಿನ ಕಾದಂಬರಿಯಲ್ಲಿ ಕಳವಾದದ್ದು ಮಾಟುಂಗದ ಒಂದು ಕನ್ನಡ ಸಂಘದ ಹಾರ್ಮೋನಿಯಂ. ಕದ್ದವನು ನಾಟಕದ ನಿರ್ದೇಶಕ. ಸಂಘದ ಕಾರ್ಯದರ್ಶಿ ಪ್ರತಿ ನಾಟಕದಲ್ಲೂ ತಾನೇ ಹಾಡುತ್ತೇನೆಂದು ಹಟ ಹಿಡಿಯುತ್ತಾನೆ, ಅದನ್ನು ತಾಳಲಾರದೆ ನಿರ್ದೇಶಕ ಪೆಟ್ಟಿಗೆಯನ್ನೇ ಮಾಯ ಮಾಡುತ್ತಾನೆ. ಕಾರ್ಯದರ್ಶಿಯ ಮೇಲೂ ಅನುಮಾನ ಬರುತ್ತದೆ, ಆದರೆ ಕಳವಿನ ಹೊತ್ತಿಗೆ ಆತ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದ. ಹಾಗೆಂದು ಅವನೇ ಹೇಳುತ್ತಾನೆ, ಎಲ್ಲರೂ ನಂಬುತ್ತಾರೆ.

ಕಳವು ನಡೆದದ್ದು ಸಂಜೆ ನಾಲ್ಕಕ್ಕೆ. ಹಸ್ತಪ್ರತಿ ಮುಗಿಯುವ ಹೊತ್ತಿಗೆ ಮಾಟುಂಗದ ನನ್ನ ಪ್ರಕಾಶಕರು ಫೋನ್ ಮಾಡಿ ಹೇಳಿದರು: “ಮೇಡಂ, ನಾಲ್ಕಕ್ಕೆ ಸಂಘದಲ್ಲಿ ಪ್ರಾಕ್ಟೀಸಿಗೆ ಜನ ತುಂಬಿರ್ತಾರೆ. ಹಾರ್ಮೋನಿಯಂ ಏನು ಬಾಚಣಿಗೆಯಾ, ಕಿಸೇಲಿ ಹಾಕಿಕೊಂಡು ಹೋಗ್ಲಿಕ್ಕೆ?” ಮಾತು ಸರಿಯಾಗಿತ್ತು. ಕಳವನ್ನು ಬೆಳಿಗ್ಗೆ ಎಂಟಕ್ಕೆ ತಂದೆ. ಎಲ್ಲ ಚಾರ್ಟುಗಳನ್ನೂ ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಎಂಟು ಗಂಟೆ ಹಿಂದಕ್ಕೆ ಸರಿಸಿದೆ. ಬಿಸಿಲಿನ ದಿಕ್ಕು ಬದಲಾಯಿತು. ನೀರು ಬರುವ ಹೊತ್ತು, ಲೋಕಲ್ಲಿನ ರಶ್, ವಾಚ್‌ಮನ್‌ನ ಪಾಳಿ, ದೇವಸ್ಥಾನದ ಗಂಟೆ, ಎಲ್ಲದಕ್ಕೂ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದೆ. ಶುಕ್ರವಾರ ಹಸ್ತಪ್ರತಿ ಕೊಡುವ ಮಾತಿತ್ತು. ಹೇಳಿದ ದಿನ ತಪ್ಪಿಸಿದವಳಲ್ಲ ನಾನು.

ಅದರ ಹಿಂದಿನ ಭಾನುವಾರ ಭಟ್ಟರಿಗೆ ತಿದ್ದಿದ ಮೂರನೇ ಅಧ್ಯಾಯ ಓದುತ್ತಿದ್ದೆ. ಭಟ್ಟರು ಕೈ ಎತ್ತಿದರು.

“ಎಷ್ಟು ಗಂಟೆಗೆ ಅಂದ್ರಿ ಸಿಸ್ಟರ್?”

“ಬೆಳಿಗ್ಗೆ ಎಂಟಕ್ಕೆ.”

“ಎಂತ ತಿಂದ ಅವ?”

“ಗೋಳಿಬಜೆ.”

ಭಟ್ಟರು ಮಗಳನ್ನು ಕರೆದರು. “ಏ ಬಾ ಇಲ್ಲಿ. ಸಿಸ್ಟರ್ ಬೆಳಿಗ್ಗೆ ಎಂಟಕ್ಕೆ ಬಜೆ ಕರೀತಾರಂತೆ, ನೋಡು!”

ನನ್ನ ಕಿವಿ ಬಿಸಿಯಾಯಿತು. ನಾನು ಹುಟ್ಟಿ ಬೆಳೆದದ್ದು ಉಡುಪಿಯ ಕಡೆ. ಗೋಳಿಬಜೆ ಮೂರು ಗಂಟೆಯ ಮೇಲಿನ ತಿಂಡಿ ಎಂಬುದು ನನಗೆ ಅಕ್ಷರಕ್ಕಿಂತ ಮೊದಲೇ ಗೊತ್ತಿತ್ತು. ಇಡೀ ಮಾಟುಂಗವನ್ನು ಎಂಟು ಗಂಟೆ ಹಿಂದಕ್ಕೆ ತಿರುಗಿಸಿದವಳು ಒಂದು ತಟ್ಟೆಯನ್ನು ಇದ್ದಲ್ಲೇ ಬಿಟ್ಟಿದ್ದೆ.

“ಮೊಸರಲ್ಲಿ ಹಿಟ್ಟು ಕಲಸಿ ಎರಡು ಮೂರು ಗಂಟೆ ಇಡ್ಬೇಕು,” ಎಂದರು ಭಟ್ಟರು, ನಾನು ಹೊಸದಾಗಿ ಕೆಲಸಕ್ಕೆ ಸೇರಿದವಳೋ ಎಂಬಂತೆ. “ಬೆಳಿಗ್ಗೆ ಇಡ್ಲಿ ಇಳಿಸ್ಲಿಕ್ಕೇ ಕೈ ಸಾಲುದಿಲ್ಲ. ಬಾಣಲೆಯಲ್ಲಿ ವಡೆ ಮಾತ್ರ. ಎಂಟಕ್ಕೆ ಬಜೆ ಕೇಳಿದ್ರೆ ನಮ್ಮ ಸೇಠ್ ಗಿರಾಕಿಯನ್ನೇ ಹೊರಗೆ ಹಾಕ್ತಿದ್ರು.”

“ಹಾಗಾದರೆ ವಡೆ ಅಂತ ಬದಲಾಯಿಸ್ತೇನೆ ಭಟ್ರೇ. ಐದು ನಿಮಿಷದ ಕೆಲಸ.”

“ಬದಲಾಯ್ಸಬಹುದು.” ಅವರು ಎಲೆಯಡಿಕೆಯ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡರು. “ಆದ್ರೆ ಸಿಸ್ಟರ್, ಎಂಟು ಗಂಟೆಗೆ ಹೋಟೆಲಲ್ಲಿ ಗೋಳಿಬಜೆ ತಿಂದೆ ಅಂತ ಯಾರಾದ್ರೂ ನನ್ನತ್ರ ಹೇಳಿದ್ರೆ, ನಾನು ಮೊದ್ಲು ಅವನ ಚೀಲ ಬಿಚ್ಚಿಸ್ತೇನೆ.”

ಮೆಟ್ಟಿಲು ಹತ್ತಿ ಮನೆಗೆ ಬರುವಷ್ಟರಲ್ಲಿ ನನ್ನ ಕಾದಂಬರಿ ತಲೆಕೆಳಗಾಗಿತ್ತು. ಕಾರ್ಯದರ್ಶಿ ಸುಳ್ಳು ಹೇಳುತ್ತಿದ್ದಾನೆ. ಡಬ್ಬಿ ಕಳಿಸುವ ನನ್ನ ಹೆಂಗಸಿಗೆ ಅದು ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಹಾಗಿದ್ದರೆ ಕಳ್ಳ ಅವನೇ. ಆದರೆ ಏಕೆ ಕದ್ದ? ಚಾರ್ಟ್ ತೆಗೆದು ನೋಡಿದೆ. ತೊಂಬತ್ತೊಂಬತ್ತರಲ್ಲಿ ಸುಮ್ಮನೆ ಮಲಗಿದ್ದ. ಐವತ್ತೆಂಟು ವರ್ಷ, ಹಾಡುವ ಆಸೆ, ಶ್ರುತಿ ಇಲ್ಲ. ಎಲ್ಲರೂ ಬೆನ್ನ ಹಿಂದೆ ನಗುತ್ತಾರೆಂದು ಅವನಿಗೆ ಗೊತ್ತು. ಯಾರನ್ನೂ ಕೇಳಲು ನಾಚಿಕೆ. ಬಾಗಿಲು ಹಾಕಿಕೊಂಡು ಸರಿಗಮದಿಂದ ಕಲಿಯಲೆಂದು ಹಾರ್ಮೋನಿಯಂ ಮನೆಗೆ ಹೊತ್ತುಕೊಂಡು ಹೋಗಿದ್ದಾನೆ. ನನಗೆ ಆ ಮನುಷ್ಯನ ಮೇಲೆ ಏಕಾಏಕಿ ಪ್ರೀತಿ ಉಕ್ಕಿತು. ಇಷ್ಟು ತಿಂಗಳು ಅವನನ್ನು ಬರೀ ನಗೆಪಾಟಲು ಮಾಡಿದ್ದೆನಲ್ಲ ಎನಿಸಿತು.

ಆದರೆ ತಿದ್ದಲು ಹದಿನಾರು ಪುಟ ಬೇಕಿತ್ತು. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ಬೆಳಗು, ದಿನಕ್ಕೆ ಎರಡರಂತೆ ಎಂಟು ಪುಟ. ವಡೆ ಎಂದು ಬರೆದರೆ ಐದು ನಿಮಿಷ.

“ಎರಡು ಪುಟದ ಮೇಲೆ ಬರೆಯುದಿಲ್ಲ ಅಂತ ನಿಮ್ಮ ಕಾನೂನಲ್ವಾ?” ಎಂದರು ಗಂಡ.

“ಆಸ್ಪತ್ರೆಯಲ್ಲಿ ರಿಲೀವರ್ ಬಾರದಿದ್ದರೆ ಡಬಲ್ ಡ್ಯೂಟಿ ಅಂತ ಒಂದು ಉಂಟು,” ಎಂದೆ. “ಮಧ್ಯಾಹ್ನ ಎರಡರಿಂದ ನಾಲ್ಕು. ಚಹಾ ನೀವು ಮಾಡಿ.”

“ನಾನು ಮಾಡಿದ ಚಹಾ ಕುಡಿದು ಬರೆದ ಪುಸ್ತಕದಲ್ಲಿ ಯಾರಾದ್ರೂ ಸತ್ತರೆ ನನ್ನನ್ನು ಕೇಳ್ಬೇಡಿ.”

ಆ ನಾಲ್ಕು ದಿನಗಳಷ್ಟು ಖುಷಿಯಾಗಿ ನಾನು ಎಂದೂ ಬರೆದಿಲ್ಲ. ಬರೆಯುತ್ತ ಒಬ್ಬಳೇ ನಕ್ಕೆ. ಕಾರ್ಯದರ್ಶಿ ಹಾರ್ಮೋನಿಯಮ್ಮಿಗೆ ಹೊದಿಕೆ ಹೊದಿಸಿ, ಮುದುಕಿಯನ್ನು ಕೂರಿಸಿದಂತೆ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋಗುವ ಪುಟ ಬಂದಾಗ ಗಂಡ ಅಡುಗೆಮನೆಯಿಂದ ಇಣುಕಿ, “ಸೌಖ್ಯವಾ?” ಎಂದು ಕೇಳಿದರು. ಗುರುವಾರ ನಾಲ್ಕಕ್ಕೆ ಐದು ನಿಮಿಷವಿರುವಾಗ ಹದಿನಾರನೇ ಪುಟ ಮುಗಿಯಿತು.

ಶುಕ್ರವಾರ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ ಹಸ್ತಪ್ರತಿ ಕೊಟ್ಟೆ. ಪ್ರಕಾಶಕರು ನನ್ನೆದುರೇ ಮೂರನೇ ಅಧ್ಯಾಯ ಓದಿ ಹಣೆ ಒತ್ತಿಕೊಂಡರು.

“ಮೇಡಂ, ಇದನ್ನು ಹೋಟೆಲಿನವರು ಇಲ್ಲೇ ಹಿಡೀತಾರೆ. ಮೂರನೇದರಲ್ಲೇ ಕಳ್ಳ ಸಿಕ್ಕಿದ್ರೆ ಇನ್ನುಳಿದ ಹನ್ನೆರಡು ಯಾರಿಗೆ? ವಡೆ ಹಾಕಿ, ನಿರ್ದೇಶಕನೇ ಕದೀಲಿ. ನಮ್ಮ ಜನ ಪುಸ್ತಕ ಕೆಳಗಿಟ್ರೆ ಮತ್ತೆ ಎತ್ತೋದಿಲ್ಲ.”

“ಇಡ್ತಾರೋ ಇಲ್ಲವೋ ಎದುರಿಗೇ ನೋಡುವಾ. ಬಿಡುಗಡೆಯ ದಿನ ನಾನು ಅದೇ ಅಧ್ಯಾಯ ಓದ್ತೇನೆ.”

ಧೈರ್ಯದಿಂದ ಹೇಳಿದೆ. ಮುಲುಂಡಿಗೆ ಮರಳುವಾಗ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕಿದ್ದರೂ ಹೊರಗೆ ನೋಡಲಿಲ್ಲ.

ಬಿಡುಗಡೆ ಮಾಟುಂಗದ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಮುಂದಿನ ಎರಡು ಸಾಲು ಹಳೆಯ ಹೋಟೆಲಿನವರದೇ. ನಡುವೆ ಭಟ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ನಾನು ಓದತೊಡಗಿದೆ. ಆ ವಾಕ್ಯ ಬಂತು. “ಬೆಳಿಗ್ಗೆ ಎಂಟಕ್ಕೆ ನಾನು ಹೋಟೆಲಿನಲ್ಲಿ ಬಿಸಿಬಿಸಿ ಗೋಳಿಬಜೆ ತಿನ್ನುತ್ತಿದ್ದೆ, ಎಂದ ಕಾರ್ಯದರ್ಶಿ.”

ಎರಡನೇ ಸಾಲಿನಲ್ಲಿ ಯಾರೋ ಅಂದರು: “ಎಂಟಕ್ಕಾ?”

“ಇವನೇ ಮಾರ್ರೆ ಕಳ್ಳ!” ಎಂದಿತು ಇನ್ನೊಂದು ದನಿ.

ಸಭೆಯೆಲ್ಲ ನಗತೊಡಗಿತು. ಪ್ರಕಾಶಕರು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತರು.

“ಏ, ಸುಮ್ನಿರಿ! ನಮ್ಮ ಚೆಂಬೂರ್ ಹೋಟೆಲಲ್ಲಿ ಎಂಟಕ್ಕೆ ಸಿಗ್ತಿತ್ತು.”

“ಅದು ಹಿಂದಿನ ದಿನದ್ದು! ಬಿಸಿ ಮಾಡಿ ಕೊಟ್ಟದ್ದು!”

“ನಿನ್ನ ಹೋಟೆಲು ಮುಚ್ಚಿದ್ದು ಅದಕ್ಕೇ!”

ಹಿಂದಿನ ಸಾಲಿನಿಂದ ವಿಜಯಪುರದ ಕಡೆಯ ಒಬ್ಬರು ಎದ್ದು ನಿಂತರು. “ಅಲ್ರೀ, ಬಜಿ ನಾವು ಮುಂಜಾನೇನೂ ತಿಂತೀವಿ. ಅದರಾಗ ಕಳ್ಳತನ ಏನೈತಿ? ಮೊದಲ ನಮಗ ತಿಳಿಸಿ ಹೇಳ್ರಿ, ಆಮ್ಯಾಲ ಹಿಡೀರಿ ಅವನ್ನ.” ಮೂವರು ಒಟ್ಟಿಗೇ ಅವರಿಗೆ ಹಿಟ್ಟು ಕಲಸುವುದನ್ನು ವಿವರಿಸತೊಡಗಿದರು. ಒಬ್ಬ ಕಾಲೇಜು ಹುಡುಗಿ ಕಿವಿ ಮುಚ್ಚಿಕೊಂಡು, “ಅಂಕಲ್, ಪ್ಲೀಸ್, ಸ್ಪಾಯ್ಲರ್ ಮತ್ ದೋ ನಾ! ಕಥೆ ಮೊದಲೇ ಹೇಳ್ಬೇಡಿ!” ಎಂದು ಕೂಗಿದಳು.

ನಾನು ಪುಸ್ತಕ ಹಿಡಿದು ನಿಂತೇ ಇದ್ದೆ. ಅವರು ನಗುತ್ತಿದ್ದದ್ದು ನನ್ನನ್ನಲ್ಲ ಎಂಬುದೊಂದು ಸಮಾಧಾನ. ಆದರೆ ಕಳ್ಳ ಸಿಕ್ಕಿಬಿಟ್ಟಿದ್ದ, ಹನ್ನೆರಡು ಅಧ್ಯಾಯ ಬಾಕಿ ಇತ್ತು.

ಗದ್ದಲ ತಗ್ಗಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು, ದಾದರಿನಲ್ಲಿ ಹೋಟೆಲು ನಡೆಸಿದವರು, ಕನ್ನಡಕ ತೆಗೆದು ಒರೆಸುತ್ತ ಕೇಳಿದರು: “ಅಲ್ಲ ಸಿಸ್ಟರ್, ಕದ್ದದ್ದು ಇವನೇ, ಒಪ್ಪಿದೆ. ಆದ್ರೆ ಸಂಘದ ಬೀಗದ ಕೈ ಇರುದೇ ಇವನ ಹತ್ರ. ದಿನಾ ಹಾರ್ಮೋನಿಯಂ ಮುಂದೆ ಕೂತು ಹಾಡುದೂ ಇವನೇ. ಮತ್ತೆ ಅದನ್ನು ಕದಿಯುದು ಎಂತಕ್ಕೆ?”

“ಮಾರ್ಲಿಕ್ಕೆ?” ಎಂದರು ಒಬ್ಬರು. “ಅದನ್ನು ಯಾರು ತಕ್ಕೊಳ್ತಾರೆ, ಸ್ವರದ ನಾಲ್ಕು ಮನೆ ಒತ್ತಿದ್ರೆ ಮೇಲೆ ಏಳುದೇ ಇಲ್ಲ,” ಎಂದರು ಇನ್ನೊಬ್ಬರು. ಪ್ರಕಾಶಕರು ಮೆಲ್ಲಗೆ ತಲೆ ಎತ್ತಿದರು.

“ಅದು ಹದಿನಾಲ್ಕನೇ ಅಧ್ಯಾಯ,” ಎಂದು ಪುಸ್ತಕ ಮುಚ್ಚಿದೆ.

ಸಭಿಕರಲ್ಲಿ ಅದನ್ನು ನನ್ನಿಂದ ಮೊದಲೇ ಓದಿಸಿಕೊಂಡು ತಿಳಿದಿದ್ದವರು ಭಟ್ಟರೊಬ್ಬರೇ. ಅಕ್ಕಪಕ್ಕದವರು ಅವರ ಕಡೆ ಬಾಗಿ, ತೋಳು ಹಿಡಿದು ಕೇಳತೊಡಗಿದರು. ಭಟ್ಟರು ಗಂಭೀರವಾಗಿ ಎಲೆಯಡಿಕೆ ಬಾಯಿಗಿಟ್ಟು, ಮಾತಾಡಲಾಗದು ಎಂದು ಕೈಸನ್ನೆ ಮಾಡಿದರು.