ಸೋವಿ ಟಿಕೀಟಿನ ಸಾಹೇಬರು

ನಮ್ಮ ಮ್ಯಾನೇಜರ್ ಸಾಹೇಬರು ಹಣೆಗೆ ಮೂರೆಳೆ ವಿಭೂತಿ ಎಳೆದುಕೊಂಡೇ ಡ್ಯೂಟಿಗೆ ಬರುತ್ತಿದ್ದರು. ಮಧ್ಯಾಹ್ನ ವಿಮಾನ ಇಳಿಯುವ ಹೊತ್ತಿಗೆ ಅದು ಬೆವರಿನಲ್ಲಿ ಕರಗಿ ಹುಬ್ಬಿನ ಕೂದಲನ್ನೆಲ್ಲ ಬೆಳ್ಳಗೆ ಮಾಡಿರುತ್ತಿತ್ತು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು, ಸಮವಸ್ತ್ರದ ನಿಯಮದಲ್ಲಿ ಇದಕ್ಕೆ ಜಾಗವಿಲ್ಲವಲ್ಲ ಎಂದು ಆಕ್ಷೇಪಿಸಿದರು. ಸಾಹೇಬರು ತಣ್ಣಗೆ, ವಿಮಾನ ಹೊತ್ತಿಗೆ ಬಂದರೆ ನಾನು ಬಿಸಿಲಿಗೆ ಇಷ್ಟು ನಿಲ್ಲುವುದಿಲ್ಲ, ಇದು ಹರಡುವುದೂ ಇಲ್ಲ ಎಂದುಬಿಟ್ಟರು. ಕೌಂಟರಿನ ಹಿಂದೆ ನಿಂತಿದ್ದ ನಾವು ಹುಡುಗಿಯರು ನಗು ತಡೆಯಲಾಗದೆ ತಲೆ ತಗ್ಗಿಸಿದೆವು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಸೋವಿ ದರದ ಕಂಪನಿಯೊಂದರ ಕೌಂಟರ್ ನಮ್ಮದು. ಸಾಹೇಬರೇ ಅಲ್ಲಿ ಮುಖ್ಯಸ್ಥರು. ಹುಕ್ಕೇರಿ ತಾಲೂಕಿನ ದಡ್ಡಿಯವರು. ಬೆಳಗಾವಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದು ರಜೆಗೆ ಊರಿಗೆ ಹೋಗಿ ಬರುತ್ತಿದ್ದರು. ನಾನು ಗೋಕಾಕದವಳು. ಬಿ.ಕಾಂ. ಮುಗಿಸಿ ಸಂದರ್ಶನಕ್ಕೆ ಹೋದಾಗ ನನ್ನ ಇಂಗ್ಲಿಷು ನಡುವೆಯೇ ನಿಂತುಹೋಯಿತು. ಇನ್ನೇನು ಎದ್ದು ಹೋಗಬೇಕು, ಅಷ್ಟರಲ್ಲಿ ಅವರು ಕನ್ನಡದಲ್ಲಿ ಕೇಳಿದರು.

"ಸಿಟ್ಟಿಗೆದ್ದವರ ಮುಂದ ನಿಂದ್ರಾಕ ಬರತೈತೇನವ್ವಾ?"

ನಮ್ಮ ಮನೆಯಲ್ಲಿ ಕಾಕಾಗಳು ಬಹಳ ಮಂದಿ, ಎಲ್ಲರೂ ಸಿಟ್ಟಿನವರೇ ಎಂದೆ. ಅವರು ಜೋರಾಗಿ ನಕ್ಕು ನನ್ನ ಅರ್ಜಿಯ ಮೇಲೆ ಸಹಿ ಹಾಕಿದರು. ಇಂಗ್ಲಿಷನ್ನು ಆಮೇಲೆ ಅವರೇ ಕಲಿಸಿದರು.

ಸಿಟ್ಟಿಗೆದ್ದವರಿಗೆ ನಮ್ಮಲ್ಲಿ ಬರವಿರಲಿಲ್ಲ. ನಮ್ಮ ಟಿಕೀಟು ಸೋವಿ, ವಿಮಾನ ದೊಡ್ಡದು. ಆದರೆ ಆ ದೊಡ್ಡ ವಿಮಾನ ಬೆಳಗಿನಿಂದ ಉತ್ತರದ ಊರುಗಳನ್ನೆಲ್ಲ ಸುತ್ತಿ ಮಧ್ಯಾಹ್ನ ನಮ್ಮಲ್ಲಿಗೆ ಬಂದು ಹೈದರಾಬಾದಿಗೆ ಹೋಗಬೇಕು. ಎಲ್ಲೋ ಮಂಜು ಬಿದ್ದರೂ ಇಲ್ಲಿ ತಡ. ಬಂದರೂ ಅರ್ಧ ಸೀಟು ಖಾಲಿ. ಪಕ್ಕದ ಕೌಂಟರಿನಲ್ಲಿ ಸಣ್ಣ ಕಂಪನಿ ಇತ್ತು. ಅದರ ಪಂಖದ ವಿಮಾನ ಚಿಕ್ಕದು, ಬೇಗ ತುಂಬುತ್ತಿತ್ತು. ಬೆಳಗಾಗುತ್ತಲೇ ಜನರನ್ನು ಹೈದರಾಬಾದಿಗೆ ಒಯ್ದು ಸಂಜೆ ವಾಪಸು ತಂದುಬಿಡುತ್ತಿತ್ತು.

ಇಷ್ಟಕ್ಕೆ ಕೈಕಟ್ಟಿ ಕೂಡುವವರಲ್ಲ ಸಾಹೇಬರು. ರಜೆ ಬಂತೆಂದರೆ ಮೋಟಾರ್ ಸೈಕಲ್ ಹತ್ತಿ ಹುಕ್ಕೇರಿ, ಗೋಕಾಕ, ಮೂಡಲಗಿ ಎಂದು ತಿರುಗುತ್ತಿದ್ದರು. ಅಂಗಡಿ, ಕಾಲೇಜು, ವಕೀಲರ ಖೋಲಿ ಎಲ್ಲ ಕಡೆ ಹೋಗಿ ನಮ್ಮ ವಿಮಾನ ಹತ್ತಿರಿ ಎಂದು ಕೇಳುವುದು. ಒಂದು ಭಾನುವಾರ ಮೂಡಲಗಿಗೆ ನನ್ನನ್ನೂ ಬರಹೇಳಿದ್ದರು. ಅಲ್ಲಿ ಬೀಜ ಗೊಬ್ಬರದ ವ್ಯಾಪಾರಿಯೊಬ್ಬರು ಚಹಾ ಕೊಟ್ಟು, ಮನಸ್ಸಿನಲ್ಲಿದ್ದುದನ್ನು ಹೇಳಿಯೇ ಬಿಟ್ಟರು.

"ನಿಮ್ಮದು ಸೋವಿ ಖರೆರಿ. ಆದ್ರ ಮಧ್ಯಾಹ್ನ ಹೋದ್ರ ರಾತ್ರಿ ಲಾಡ್ಜಿನ್ಯಾಗ ಬೀಳಬೇಕು. ಆ ಸಣ್ಣ ವಿಮಾನದಾಗ ಹೋದ್ರ ಸಂಜಿಗೆ ಮನಿ ಊಟ."

ಸಾಹೇಬರು ವಾದ ಮಾಡಲಿಲ್ಲ. ಮರುದಿನ ಮುಖ್ಯ ಕಚೇರಿಗೆ ಫೋನು ಹಚ್ಚಿ ಬೆಳಗಿನ ವೇಳೆ ಕೊಡಿರೆಂದು ಕೇಳಿದರು. ಬೆಳಗಿನ ವಿಮಾನ ದೊಡ್ಡ ಊರುಗಳಿಗೆ ಬೇಕು ಎಂಬ ಉತ್ತರ ಬಂತು. ಚೀಲದ ತೂಕದ ವಿಷಯದಲ್ಲೂ ಇದೇ ಕಥೆ. ನಮ್ಮ ಕಡೆಯ ಜನ ಊರಿಗೆ ಹೊರಟರೆಂದರೆ ಕರದಂಟಿನ ಡಬ್ಬಿ, ರೊಟ್ಟಿ, ಶೇಂಗಾ ಚಟ್ನಿ, ಎಲ್ಲ ಬರಬೇಕು. ಹೆಚ್ಚಿನ ತೂಕಕ್ಕೆ ನಾವು ಹೇಳುವ ದಂಡ ಕೇಳಿದರೆ ಟಿಕೀಟಿನ ಸೋವಿತನವೆಲ್ಲ ಅಲ್ಲೇ ಕರಗುತ್ತಿತ್ತು. ಪಕ್ಕದವರು ಸ್ವಲ್ಪ ಕಣ್ಣು ಮುಚ್ಚಿ ಬಿಡುತ್ತಿದ್ದರು. ಸಾಹೇಬರು ಫೋನಿನಲ್ಲಿ, "ಗೋಕಾಕದ ಮಂದಿ ಬರಿಗೈಲೆ ಬೀಗರ ಮನಿಗೆ ಹೋಗೂದಿಲ್ರಿ" ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಎಚ್ಚತ್ತು ಅದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದ್ದು ನನಗೆ ನೆನಪಿದೆ. ಆ ಕಡೆಯವರಿಗೆ ಏನು ತಿಳಿಯಿತೋ, ನಿಯಮವಂತೂ ಬದಲಾಗಲಿಲ್ಲ.

ಆಮೇಲೆ ವಿಮಾನ ರದ್ದಾಗತೊಡಗಿದವು. ಮಂದಿ ಕಡಿಮೆ ಎಂದರೆ ನಮ್ಮ ವಿಮಾನವನ್ನು ಬೇರೆ ದಾರಿಗೆ ಕಳಿಸುವರು. ರದ್ದಾದಷ್ಟೂ ಜನರ ನಂಬಿಕೆ ಹೋಯಿತು. ನಂಬಿಕೆ ಹೋದಷ್ಟೂ ಸೀಟು ಖಾಲಿ ಉಳಿದವು.

ಅಂಥದೊಂದು ದಿನ ಕಲ್ಲೋಳಿ ಕಡೆಯ ಕುರುಬರ ಮುದುಕಿಯೊಬ್ಬಳು ತಮ್ಮನ ಜೊತೆ ಬಂದಿದ್ದಳು. ಮಗ ಸೈನ್ಯದಲ್ಲಿದ್ದ. ಅಪಘಾತವಾಗಿ ಹೈದರಾಬಾದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಬೇಗ ಬರ್ರಿ ಎಂದು ಫೋನು ಬಂದಿತ್ತು. ವಿಮಾನ ರದ್ದಾಗಿದೆ ಎಂದು ಹೇಳುವ ಪಾಳಿ ನನ್ನದು. ಹಾಗೆಂದರೇನು ಎಂದು ಆಕೆ ನನ್ನನ್ನೇ ಕೇಳಿದಳು. ನಾನು ಒಳಗೆ ತಿರುಗಿ ಸಾಹೇಬರನ್ನು ಕೂಗಿದೆ.

ಸಾಹೇಬರು ಒಳಗಿನಿಂದ ಬಂದು ಆಕೆಯ ಗಂಟನ್ನು ತಾವೇ ಎತ್ತಿಕೊಂಡರು. ನಮ್ಮ ಸಮವಸ್ತ್ರದಲ್ಲೇ ಪಕ್ಕದ ಕೌಂಟರಿಗೆ ಹೋಗಿ, ಅಷ್ಟು ದಿನ ಯಾರ ಎದುರು ಸೆಣಸಿದ್ದರೋ ಅವರ ಮುಂದೆ ಕೈಮುಗಿದು ನಿಂತರು. ಅಂದು ಮಧ್ಯಾಹ್ನದ ಮೇಲೆ ಹೈದರಾಬಾದಿಗೆ ಅವರದು ಇನ್ನೊಂದು ಸಣ್ಣ ವಿಮಾನವಿತ್ತು. ತುಂಬಿತ್ತು. ಹೊರಟಿದ್ದ ಇಬ್ಬರು ವ್ಯಾಪಾರಿಗಳನ್ನು ಸಾಹೇಬರೇ ಕೇಳಿಕೊಂಡು ಮರುದಿನಕ್ಕೆ ಒಪ್ಪಿಸಿದರು. ಮುದುಕಿ ಮತ್ತು ಆಕೆಯ ತಮ್ಮ ಹೋದರು. ನಮ್ಮ ಪ್ರಯಾಣಿಕರನ್ನು ಎದುರಾಳಿಗೆ ಕೊಟ್ಟಿದ್ದೇಕೆ ಎಂದು ಮುಖ್ಯ ಕಚೇರಿ ವಿವರಣೆ ಕೇಳಿತು. ಅವರು ಮುಟ್ಟಬೇಕಾಗಿತ್ತು, ಮುಟ್ಟಿಸಿದೆ ಎಂದಷ್ಟೇ ಸಾಹೇಬರು ಬರೆದರು.

ಕೆಲವು ದಿನಗಳ ಮೇಲೆ ಆಕೆ ವಾಪಸು ಬಂದಳು. ಹೊರಗಿನ ಬಾಗಿಲಲ್ಲಿ ನಿಂತು ಸಾಹೇಬರನ್ನು ಕರೆಸಿದಳು. ಅಳುತ್ತಿರಲಿಲ್ಲ.

"ನನ್ನ ಕೈಯಾಗ ನೀರು ಕುಡದು ಹ್ವಾದಾ ಯಪ್ಪಾ. ನೀ ಮುಟ್ಟಿಸಿದಿ."

ಸಾಹೇಬರು ಆಕೆಯನ್ನು ಬಸ್ಸಿಗೆ ಹತ್ತಿಸಿ ಬಂದು, ಸಾಮಾನು ಖೋಲಿಯ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಾಗಿಲು ಬಡಿಯುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ.

ಆ ವರ್ಷವೇ ಕಂಪನಿ ಬೆಳಗಾವಿಯಿಂದ ಕಾಲು ಕಿತ್ತಿತು. ಸುದ್ದಿ ತಿಳಿದ ದಿನ ನಾವೆಲ್ಲ ಅತ್ತೆವು. ನಮ್ಮಲ್ಲಿ ಹಲವರ ಮನೆಗೆ ನಮ್ಮ ಪಗಾರವೇ ಆಧಾರ. ಸಾಹೇಬರು ಮತ್ತೆ ಪಕ್ಕದ ಕೌಂಟರಿಗೆ ನಡೆದರು. ಈ ಸಲ ನಮಗಾಗಿ. ಅಲ್ಲಿನ ಮ್ಯಾನೇಜರು ಇವರಿಗಿಂತ ಬಹಳ ಚಿಕ್ಕ ವಯಸ್ಸಿನವನು. ಅವನೆದುರು ಕುಳಿತು ನಮ್ಮ ಒಬ್ಬೊಬ್ಬರ ಗುಣ ಹೇಳಿ, ಇವರನ್ನು ತಗೊಳ್ಳಿ, ನಿಮಗೆ ಲುಕ್ಸಾನಿಲ್ಲ ಎಂದರಂತೆ. ಅವನು ಒಪ್ಪಿದ.

ಹಾಗಾದರೆ ನೀವು, ಎಂದು ನಾನು ಕೇಳಿದೆ. ಅವರು ನಗುತ್ತ ಬೇರೆ ಕಡೆ ನೋಡಿದರು. ನೀವು ಬರದಿದ್ದರೆ ನಾವೂ ಹೋಗುವುದಿಲ್ಲ ಎಂದು ಹಟ ಹಿಡಿದೆವು. ಎಲ್ಲರೂ ಒಂದೇ ಮಾತು. ಆಗ ಅವರು ಕುರ್ಚಿ ಎಳೆದುಕೊಂಡು ಕೂತರು.

"ನನಗ ನಾಗಪುರದಾಗ ಇದಕ್ಕಿಂತ ದೊಡ್ಡ ಕೆಲಸ ಕೊಟ್ಟಾರವ್ವಾ. ನಿಮಗ ಬ್ಯಾಸರ ಆಗಬಾರದಂತ ಹೇಳಿರಲಿಲ್ಲ. ನೀವು ಚಿಂತಿ ಬಿಡ್ರಿ."

ನಾವು ನಂಬಿದೆವು. ಸಂಭ್ರಮಪಟ್ಟು ಪೇಢೆ ತರಿಸಿ ಹಂಚಿದೆವು. ಅವರೂ ಒಂದು ತಿಂದರು.

ಆಮೇಲೆ ನಾನು ಆಗಾಗ ಫೋನು ಮಾಡುತ್ತಿದ್ದೆ. ನಾಗಪುರದಲ್ಲಿ ಬಿಸಿಲು ಬಹಳ ಎನ್ನುತ್ತಿದ್ದರು. ಊಟ ಸರಿಹೋಗುವುದಿಲ್ಲ ಎನ್ನುತ್ತಿದ್ದರು. ಹೊಸ ಕಂಪನಿಯಲ್ಲಿ ನನಗೆ ಬಡ್ತಿ ಸಿಕ್ಕಿದಾಗ ಮೊದಲು ಅವರಿಗೇ ಫೋನು ಮಾಡಿ ಹೇಳಿದೆ. "ಚಲೋ ಆತವ್ವಾ" ಎಂದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಎದೆ ನೋವು ಎಂದು ಕೂತವರು ಏಳಲಿಲ್ಲವಂತೆ. ನಾವು ಹಳೆಯ ಹುಡುಗಿಯರು ಒಂದು ಗಾಡಿ ಮಾಡಿಕೊಂಡು ದಡ್ಡಿಗೆ ಹೋದೆವು. ಜಗಲಿಯ ಮೇಲೆ ಅವರನ್ನು ಕೂರಿಸಿ ಹೂ ಹಾಕಿದ್ದರು. ನಾನು ಅವರ ಹೆಂಡತಿಯ ಬಾಜೂ ಕೂತು, ನಾಗಪುರದಿಂದ ಯಾವಾಗ ಬಂದಿದ್ದರು ಅಕ್ಕಾ ಎಂದು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿದರು.

"ಎಲ್ಲಿ ನಾಗಪುರವ್ವಾ. ಬೆಳಗಾವಿಯಿಂದ ಬಂದ ಮ್ಯಾಲ ಇವರು ಈ ಊರು ಬಿಟ್ಟು ಎಲ್ಲೂ ಹೋಗಿಲ್ಲ. ವಯಸ್ಸಾತಂತ ಯಾರೂ ಕೆಲಸ ಕೊಡಲಿಲ್ಲ. ನಿಮ್ಮ ಫೋನ್ ಬಂದ್ರ ಎದ್ದು ಹೊಳಿ ಕಡೆ ಹೋಗಿ ಮಾತಾಡತಿದ್ರು, ಎಮ್ಮಿ ಒದರೂದು ಕೇಳಬಾರದಂತ. ಸುಳ್ಳ ಯಾಕ ಹೇಳತೀರಿ ಅಂದ್ರ, ಖರೆ ಗೊತ್ತಾದ್ರ ಹುಡುಗ್ಯಾರು ಕೆಲಸ ಬಿಟ್ಟ ಬರತಾರ ಅಂತಿದ್ರು."

ನಮ್ಮ ಜೊತೆಗಿದ್ದವಳೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಎದ್ದು ಹೋಗಿ ಅವರ ಪಾದದ ಮೇಲೆ ತಲೆ ಇಟ್ಟೆ. ಪಾದ ತಣ್ಣಗಿದ್ದವು. ಹೇಳಬೇಕಾದದ್ದು ಬಹಳವಿತ್ತು, ಕೇಳಿಸಿಕೊಳ್ಳುವವರಿರಲಿಲ್ಲ. ಹೊಲದ ಬದಿಯಲ್ಲಿ ತೋಡಿದ ಕುಣಿಗೆ ಎಲ್ಲರಂತೆ ನಾನೂ ಮುಷ್ಟಿ ಮಣ್ಣು ಹಾಕಿ ಬಂದೆ.

ಮರುದಿನ ಬೆಳಗಿನ ಡ್ಯೂಟಿ ನನ್ನದೇ ಇತ್ತು. ರಜೆ ಕೇಳಲಿಲ್ಲ, ಹೋದೆ. ಹೈದರಾಬಾದಿನ ವಿಮಾನದಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ. ಜನ ತಮ್ಮ ತಮ್ಮ ಗಂಟು ಹಿಡಿದು ಒಬ್ಬೊಬ್ಬರಾಗಿ ಹತ್ತಿದರು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತು. ಅದು ಕಣ್ಮರೆಯಾಗುವ ತನಕ ಅಳು ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ.