ಸೇತುವೆಯ ಕೆಳಗೆ ಬಡಿದ ರೊಟ್ಟಿ

ಸಾಲೆಯ ಹುಡುಗಿಯರನ್ನು ಹೊಳೆದಂಡೆಗೆ ರಾತ್ರಿ ವಸ್ತಿಗೆಂದು ಕರೆದೊಯ್ಯುತ್ತಾರೆಂದರೆ ಇಡೀ ಓಣಿ ಹುಬ್ಬೇರಿಸುತ್ತಿದ್ದ ಕಾಲ ಅದು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಧಾರವಾಡದಲ್ಲಿ ಏಳನೆಯ ಇಯತ್ತೆ. ಮಲಪ್ರಭೆಗೆ ಇಂಗ್ಲಿಷರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಪಕ್ಕದಲ್ಲೇ ನಮ್ಮ ಶಿಬಿರ.

ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಹೊಸತು. "ಹೋಗಲಿ ಬಿಡು, ಎಲ್ಲಾರ ಜೋಡಿ ಕುಂತು ಉಣ್ಣಲಿ" ಎಂದ. ಅವ್ವನಿಗೆ ಅದೇ ಅಂಜಿಕೆ. ನಮ್ಮ ಕೈಯ ನೀರನ್ನೂ ಮುಟ್ಟದ ಮನೆಗಳ ಹುಡುಗಿಯರು ಬರುವವರಿದ್ದರು.

"ಒಲಿ ಸನೇಕ ಹೋಗಬ್ಯಾಡ. ಕಟಗಿ ಆರಿಸಿ ಕೊಟ್ಟು ಸುಮ್ಮ ಕೂಡು" ಎಂದಳು.

ಮೊದಲ ಮಧ್ಯಾಹ್ನದವರೆಗೆ ಹಾಗೇ ಕೂತಿದ್ದೆ. ಸೇತುವೆಯ ಕಮಾನಿನ ಕೆಳಗೆ ಕಲ್ಲಿಟ್ಟು ಒಲೆ ಹೂಡಿದ್ದರು. ಮುಳಗಾಯಿ, ಅಂದರೆ ಬದನೆಕಾಯಿ, ಪಲ್ಯದ ವಾಸನೆಗೆ ಹೊಟ್ಟೆ ತಾಳ ಹಾಕುತ್ತಿತ್ತು. ರೊಟ್ಟಿಯ ಪಾಳಿ ವಕೀಲರ ಮಗಳು ಸುಶೀಲಾಳದು. ಮನೆಯಲ್ಲಿ ಬರೀ ಚಪಾತಿ ಕಂಡವಳು, ಜೋಳದ ಹಿಟ್ಟಿಗೂ ಹೊಳೆಯ ತಣ್ಣೀರನ್ನೇ ಸುರಿದು ನಾದಿದಳು. ಬಡಿದಂತೆಲ್ಲ ರೊಟ್ಟಿ ಹರಿದು ಚೂರಾಯಿತು. ಉಳಿದವರು ಗೊಳ್ಳೆಂದು ನಕ್ಕರು, ಅವಳು ಅತ್ತೇಬಿಟ್ಟಳು.

ನನ್ನ ಕೈ ಸುಮ್ಮನಿರಬೇಕಲ್ಲ! ಎದ್ದೆ.

"ಎಸರು ಇಡಬೇಕ ಸುಶೀ, ನೀರು ಕುದೀಬೇಕು. ಸರಿ ಅತ್ತಾಗ."

ಕುದಿನೀರಲ್ಲಿ ಹಿಟ್ಟು ಕಲಸಿ, ಬಿಸಿಯಿರುವಾಗಲೇ ನಾದಿ, ಪರಾತದಲ್ಲಿ ಬಡಿದೆ. ಕಮಾನಿನ ತುಂಬ ಟಪಟಪ ಸದ್ದು. ರೊಟ್ಟಿಗಳು ಹಂಚಿನ ಮೇಲೆ ಉಬ್ಬಿ ಉಬ್ಬಿ ಬಂದವು. ಬುಟ್ಟಿ ತುಂಬಿತು. ಯಾರೂ ಕೈ ಚಾಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಮುಟ್ಟದಿದ್ದರೆ ಈ ಬುಟ್ಟಿ ಹೊತ್ತು ನಾನೆಲ್ಲಿಗೆ ಹೋಗಲಿ ಎಂದುಕೊಂಡೆ.

ಸುಶೀಲಾ ಮೂಗು ಒರೆಸಿಕೊಂಡು ಬಂದಳು. ಹಂಚಿನ ಮೇಲಿದ್ದುದನ್ನೇ ಕಿತ್ತು, ಬೆರಳು ಸುಟ್ಟುಕೊಂಡು ಬಾಯಿಗಿಟ್ಟಳು.

"ಏನ್ ನೋಡ್ಕೋತ ನಿಂತೀರೇ? ಭಾಳ ಛಲೋ ಆಗ್ಯಾವು. ಲಗೂ ಬರ್ರೇ, ಇಲ್ಲಾಂದ್ರ ನಾನೇ ಖಾಲಿ ಮಾಡ್ತೇನಿ!"

ಒಬ್ಬಳ ಹಿಂದೆ ಒಬ್ಬಳು ಬಂದಳು. ಆಮೇಲೆ ಎಳೆದಾಟವೇ! ಹೊಳೆಯಿಂದ ಮರಳಿದ ಅಕ್ಕೋರು, ನಮ್ಮ ಶಿಕ್ಷಕಿ, ಬರಿದಾದ ಬುಟ್ಟಿ ನೋಡಿ "ನನಗೂ ಒಂದ್ ಬಡಿಯವಾ" ಎಂದು ಒಲೆಯ ಮುಂದೆ ಕೂತರು. ಗೆದ್ದೆ ನಾನು, ಖರೇನೇ ಗೆದ್ದೆ. ಶಿಬಿರ ಮುಗಿಯುವವರೆಗೂ ಆ ಪಾಳಿ ಯಾರಿಗೂ ಬಿಟ್ಟುಕೊಡಲಿಲ್ಲ.

ಮನೆಗೆ ಬಂದು ಹೇಳಿದಾಗ ಅವ್ವ ಬೈಯಲಿಲ್ಲ. "ಯಾರ್‍ಯಾರು ತಿಂದ್ರು? ಮತ್ತೊಮ್ಮಿ ಹೇಳು" ಎಂದು ಕೇಳಿದ್ದನ್ನೇ ಕೇಳಿದಳು.

ಈಗ ಆ ಸೇತುವೆಯ ಮಗ್ಗುಲಿಗೆ ಅಗಲವಾದ ಹೊಸದೊಂದು ಬಂದಿದೆ. ನಾನು ಸರಕಾರಿ ಅಧಿಕಾರಿಯಾಗಿ ನಿವೃತ್ತಳಾದೆ. ದೊಡ್ಡ ದೊಡ್ಡವರು ಮನೆಗೆ ಬರುತ್ತಾರೆ, ಮೇಡಮ್ಮಾರ ಎನ್ನುತ್ತಾರೆ, ನಗುನಗುತ್ತ ಮಾತಾಡುತ್ತಾರೆ. ತಾಟು ತಂದಿಟ್ಟರೆ ಮಾತ್ರ "ಇಲ್ರಿ, ಈಗಷ್ಟ ಆತು" ಎನ್ನುತ್ತಾರೆ. ಎಲ್ಲರೂ ಊಟ ಮುಗಿಸಿಯೇ ಬರುತ್ತಾರೆ.