ಅಪ್ಪ ದಾಟದ ಸಮುದ್ರ

ಆ ಕಾಲದಲ್ಲಿ ನಮ್ಮ ಕಾವೂರಿನ ಮನೆಯವರಿಗೆ ಪ್ರವಾಸ ಎಂದರೆ ಮದುವೆ, ಉಪನಯನ ಮತ್ತು ಸತ್ತವರ ಬೊಜ್ಜ. ಊಟ ಹಾಕದ ಜಾಗಕ್ಕೆ ಬರಿದೇ ನೋಡಲಿಕ್ಕೆಂದು ಹೋಗುವವರ ತಲೆ ಸರಿಯಿಲ್ಲ ಎಂದೇ ಅಜ್ಜಿ ನಂಬಿದ್ದರು. ಅಂಥ ಮನೆಯವರೆಲ್ಲ ಒಂದು ಬೇಸಿಗೆ ರಜೆಯಲ್ಲಿ ಬಾಡಿಗೆ ವ್ಯಾನು ಹತ್ತಿ ಮಲ್ಪೆಗೆ ಹೊರಟದ್ದಕ್ಕೆ ಅಪ್ಪನೇ ಕಾರಣ.

ಅಪ್ಪ ದೇವಸ್ಥಾನದ ಅರ್ಚಕರು. ಮಲ್ಪೆಯಾಚೆ ಸಮುದ್ರದ ನಡುವಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲುಗಳು ಕಂಬಗಳ ಹಾಗೆ ಮೂಲೆ ಮೂಲೆಯಾಗಿ ನಿಂತಿವೆ, ಅವಕ್ಕೆ ಉಳಿ ಮುಟ್ಟಿಸಿದವರಿಲ್ಲ ಎಂದು ಯಾರೋ ಭಕ್ತರು ಹೇಳಿದ್ದರು. ದಿನಾ ಕಲ್ಲಿಗೆ ಅಭಿಷೇಕ ಮಾಡುವ ಅಪ್ಪನ ತಲೆಯೊಳಗೆ ಅದು ಹೊಕ್ಕುಬಿಟ್ಟಿತು.

"ಶಿಲ್ಪಿಯೇ ಇಲ್ಲದೆ ಕಂಬ ಅಂದ್ರೆ ಎಂತ ಮಾರಾಯ್ತಿ? ಒಮ್ಮೆ ನೋಡ್ಬೇಕು" ಎಂದು ಅಮ್ಮನಲ್ಲಿ ವಾರಗಟ್ಟಲೆ ಹೇಳಿ, ಮಧ್ಯಾಹ್ನದ ಪೂಜೆಗೆ ಬದಲಿ ಜನ ಗೊತ್ತುಮಾಡಿದರು.

ಮಲ್ಪೆಯಲ್ಲಿ ಒಣಮೀನಿನ ವಾಸನೆಗೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆಗೆಲ್ಲ ಮೊಣಕಾಲು ನೀರಿನಲ್ಲಿ ನಡೆದೇ ದೋಣಿ ಹತ್ತಬೇಕಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿದ್ದೇ ತಡ, ಅವರ ಅಣ್ಣ, ನಮ್ಮ ದೊಡ್ಡಪ್ಪ, ಬಾಯಿ ತೆರೆದರು. ಮನೆಯ ಶಾಸ್ತ್ರಕ್ಕೆಲ್ಲ ಕೊನೆಯ ಮಾತು ಅವರದು.

"ನೀನು ಹೋಗ್ಲಿಕ್ಕಿಲ್ಲ. ಸಮುದ್ರ ದಾಟಿದವ ಗರ್ಭಗುಡಿಗೆ ಕಾಲಿಡುವ ಹಾಗಿಲ್ಲ, ಗೊತ್ತುಂಟಲ್ಲ?"

ವಿಚಾರಣೆ ಮರಳಿನ ಮೇಲೆಯೇ ಆರಂಭವಾಯಿತು. ನ್ಯಾಯಾಧೀಶರ ಕೈಯಲ್ಲಿ ಅರ್ಧ ತಿಂದ ಗೋಳಿಬಜೆ ಇತ್ತು.

"ಹೊಳೆ ದಾಟಿ ನಡುವಿನ ಕುದುರಿಗೆ ಪೂಜೆಗೆ ಹೋಗ್ತಾರಲ್ಲ ಭಾವ?" ಎಂದರು ಅಮ್ಮ.

"ಅದು ಹೊಳೆ. ಇದು ಉಪ್ಪುನೀರು."

"ಭಟ್ರೆ, ಅದು ಇಲ್ಲಿಂದಲೇ ಕಾಣ್ತದೆ. ಕಾಣುವಷ್ಟು ಹತ್ತಿರ ಇದ್ರೆ ದಾಟಿದ ಲೆಕ್ಕ ಎಂತದು?" ಎಂದ ದೋಣಿಯವ.

"ಚಂದ್ರನೂ ಕಾಣ್ತಾನೆ" ಎಂದರು ದೊಡ್ಡಪ್ಪ.

ಅಲ್ಲಿಗೆ ತೀರ್ಪಾಯಿತು. ತಮಗೆ ಪೂಜೆಯ ಸರದಿ ಇಲ್ಲದ್ದರಿಂದ ತಾವು ಹೋಗಬಹುದೆಂಬ ಉಪತೀರ್ಪನ್ನೂ ಅವರೇ ಕೊಟ್ಟುಕೊಂಡರು. ಅಪ್ಪ ಪಂಚೆ ಇಳಿಸಿದರು.

"ಚಪ್ಪಲಿ ನೋಡ್ಲಿಕ್ಕೆ ಒಬ್ಬರು ಬೇಕಲ್ಲ, ನಾನು ಕೂತುಕೊಳ್ತೇನೆ" ಎಂದು, ನನ್ನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ, "ಕಲ್ಲಿಗೆ ಎಷ್ಟು ಮೂಲೆ ಉಂಟು, ಮುಟ್ಟಿ ನೋಡಿ ಬಾ" ಎಂದರು.

ದ್ವೀಪ ಚಂದವೇ ಇತ್ತು. ತೆಂಗಿನ ಮರಗಳು, ಕಾಲ ಬುಡದಲ್ಲಿ ಹಸಿರು ನೀರು, ಜೇನುಗೂಡು ಕವುಚಿ ಹಾಕಿದಂಥ ಕಲ್ಲುಗಳು. ಉಪ್ಪುಗಾಳಿ ತಾಗಿದ ಚಿತ್ರಾನ್ನಕ್ಕೆ ಬೇರೆಯೇ ರುಚಿ. ನಾವು ಮಕ್ಕಳು ಕಲ್ಲಿಂದ ಕಲ್ಲಿಗೆ ಹಾರಿದೆವು, ಚಿಪ್ಪು ಹೆಕ್ಕಿದೆವು. ಅಮ್ಮ ಮಾತ್ರ ದಡದ ಕಡೆ ಮುಖ ಮಾಡಿ ಕುಳಿತವರು ಹೊರಡುವವರೆಗೂ ಏಳಲಿಲ್ಲ.

ಮರಳಿ ಬರುವಾಗ ಭರತ ಏರಿತ್ತು. ಅಪ್ಪ ಸಮುದ್ರದ ಹತ್ತಿರ ಹೋಗದಿದ್ದರೂ ಸಮುದ್ರವೇ ಅವರ ಹತ್ತಿರ ಬಂದಿತ್ತು. ಅವರು ಎಲ್ಲರ ಚಪ್ಪಲಿಗಳನ್ನೂ ಬಾಚಿಕೊಂಡು, ಮರಳಿನ ಮೇಲೆ ಎಳೆದಿಟ್ಟ ಹಳೆಯ ದೋಣಿಯೊಂದನ್ನು ಹತ್ತಿ, ದ್ವೀಪವನ್ನೇ ನೋಡುತ್ತ ಕುಳಿತಿದ್ದರು.

"ಎಷ್ಟು ಮೂಲೆ?"

"ಕೆಲವಕ್ಕೆ ಐದು ಅಪ್ಪ, ಕೆಲವಕ್ಕೆ ಆರು."

"ಯಾವ ಕೈಯಲ್ಲಿ ಮುಟ್ಟಿದ್ದು?"

ನಾನು ಬಲಗೈ ಚಾಚಿದೆ. ಅವರು ಅದನ್ನು ತಮ್ಮ ಎರಡೂ ಕೈಗಳಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರು. ಆಮೇಲೆ ಸಂಜೆಯ ಪೂಜೆಗೆ ತಡವಾಗುತ್ತದೆಂದು ಎಲ್ಲರನ್ನೂ ವ್ಯಾನಿಗೆ ಅಟ್ಟಿದರು.

ಅಪ್ಪನಿಗೆ ವಯಸ್ಸಾದ ಮೇಲೆ ಪೂಜೆ ದೊಡ್ಡಪ್ಪನ ಮಗನಿಗೆ ಬಂತು. ಅವನು ಬಹರೈನಿಗೆ ಹೋಗಿ ಗಣಹೋಮ ಮಾಡಿಸಿ, ಬಜಪೆಯ ವಿಮಾನ ನಿಲ್ದಾಣದಲ್ಲಿ ಇಳಿದ ಮರುದಿನ ಬೆಳಿಗ್ಗೆಯೇ ಗರ್ಭಗುಡಿ ಹೊಕ್ಕ. ಬಹರೈನೂ ದ್ವೀಪವೇ. ವಿಮಾನದಲ್ಲಿ ಹೋದವರಿಗೆ ನೀರು ತಾಗುವುದಿಲ್ಲ ಎಂದು ದೊಡ್ಡಪ್ಪ ತೀರ್ಪನ್ನು ತಿದ್ದಿದರು.

ಅಪ್ಪ ಮಾತ್ರ, "ಅಲ್ಲಿ ಕಲ್ಲು ಹೇಗುಂಟು?" ಎಂದು ಅವನನ್ನು ಕೇಳಿದರು.

"ಕಲ್ಲು ಎಲ್ಲಿಯದು ಚಿಕ್ಕಪ್ಪ, ಬರೀ ಮರಳು."

ನಾಳೆಯೇ ಮಲ್ಪೆಗೆ ಹೋಗುವ ಎಂದೆ ನಾನು. ಅಪ್ಪ ಮೊಣಕಾಲು ತಿಕ್ಕಿಕೊಂಡು, "ಈಗ ದೇವರು ಬಿಟ್ಟರೂ ಇದು ಬಿಡುವುದಿಲ್ಲ" ಎಂದರು.

ಅಪ್ಪ ತೀರಿಹೋದ ಮೇಲೆ, ಮೊನ್ನೆ ಮಗಳನ್ನು ಕರೆದುಕೊಂಡು ಅದೇ ದ್ವೀಪಕ್ಕೆ ಹೋಗಿದ್ದೆ. ಈಗ ಕಾಲು ಒದ್ದೆಯಾಗದೆ ಜೆಟ್ಟಿಯಿಂದಲೇ ದೋಣಿ ಹತ್ತಬಹುದು. ಹೊರಟಾಗ ತಿರುಗಿ ದಡ ನೋಡಿದೆ. ಚಪ್ಪಲಿ ನಮ್ಮ ಕಾಲಲ್ಲೇ ಇತ್ತು. ನೋಡಿಕೊಳ್ಳಲಿಕ್ಕೆ ಅಲ್ಲಿ ಯಾರೂ ಕೂತಿರಬೇಕಾಗಿರಲಿಲ್ಲ.